ಬಾಟಲಿಯೊಳಗಿನ ಬೇಸಿಗೆಗಳು

ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ, ಅಂದರೆ ಬೀದರ್ ಸೀಮೆಯ ಇಂದಿನ ಬಸವಕಲ್ಯಾಣದಲ್ಲಿ, ಮದ್ಯದ ವಿಚಾರವಾಗಿ ಬರೆದವರು ಕಡಿಮೆಯೆಂದರೂ ಮೂವರಿದ್ದರು. ಊರು ಒಂದೇ, ಕಾಲವೂ ಹೆಚ್ಚುಕಡಿಮೆ ಒಂದೇ. ನೋಟ ಮಾತ್ರ ಮೂರು ದಿಕ್ಕಿಗೆ.

ಮೊದಲನೆಯವನು ವಿಜ್ಞಾನೇಶ್ವರ. ಆರನೆಯ ವಿಕ್ರಮಾದಿತ್ಯನ ಆಳ್ವಿಕೆಯಲ್ಲಿ (1076–1126) ಅವನು ಬರೆದ ‘ಮಿತಾಕ್ಷರ’ದ ಹೆಸರು ಇಂದು ಕೇಳಿಬರುವುದು ಆಸ್ತಿ ಪಾಲಿನ ಮೊಕದ್ದಮೆಗಳಲ್ಲಿ. ಆದರೆ ಅದರ ಪ್ರಾಯಶ್ಚಿತ್ತಾಧ್ಯಾಯದಲ್ಲಿ ಸ್ಮೃತಿಕಾರ ಪುಲಸ್ತ್ಯನನ್ನು ಮುಂದಿಟ್ಟುಕೊಂಡು ಮದ್ಯಗಳ ಒಂದು ಪಟ್ಟಿಯೇ ಬರುತ್ತದೆ. ಹಲಸಿನದು, ದ್ರಾಕ್ಷಿಯದು, ಹಿಪ್ಪೆಯದು, ಖರ್ಜೂರದ್ದು, ತಾಳೆಯದು, ಕಬ್ಬಿನದು, ತೆಂಗಿನದು, ಹೀಗೆ ಹನ್ನೊಂದು ಬಗೆ. ಹನ್ನೆರಡನೆಯದು ಸುರೆ, ಎಲ್ಲಕ್ಕಿಂತ ಕೀಳು ಎಂದು ಅದನ್ನು ಬೇರೆಯಾಗಿಯೇ ಕೂರಿಸಲಾಗಿದೆ. ಎರಡನೆಯವನು ವಿಕ್ರಮಾದಿತ್ಯನ ಮಗ, ಮೂರನೆಯ ಸೋಮೇಶ್ವರ. 1130ರ ಆಸುಪಾಸಿನಲ್ಲಿ ಅವನು ರಚಿಸಿದ ನೂರು ಅಧ್ಯಾಯಗಳ ‘ಮಾನಸೋಲ್ಲಾಸ’ದಲ್ಲಿ ಆನೆ ಹಿಡಿಯುವ ಉಪಾಯದಿಂದ ಹಿಡಿದು ಇಡ್ಲಿಯ ಹಿರಿಯಳಾದ ‘ಇಡ್ಡರಿಕೆ’ಯವರೆಗೆ ಎಲ್ಲವೂ ಉಂಟು. ಮದಿರಾಪಾನಕ್ಕೆ ಅಲ್ಲಿ ಸಿಕ್ಕಿರುವ ಜಾಗ ಕ್ರೀಡೆಗಳ ಸಾಲಿನಲ್ಲಿ. ತಂದೆಯ ಕಾಲದ ಪಂಡಿತನಿಗೆ ಪಾಪವಾಗಿದ್ದದ್ದು ಮಗನಿಗೆ ಆಟ. ಮೂರನೆಯವನು ಬಸವಣ್ಣನ ಸಮಕಾಲೀನ, ಹೆಂಡದ ಮಾರಯ್ಯ. ಹೆಂಡ ಮಾರುವುದು ಅವನ ಕಾಯಕವಾಗಿತ್ತು. ಶರಣನಾದ ಮೇಲೆ ಧರ್ಮೇಶ್ವರಲಿಂಗ ಎಂಬ ಅಂಕಿತದಲ್ಲಿ ವಚನ ಬರೆದ, ತನ್ನ ಕಸುಬಿನ ಪರಿಭಾಷೆಯಲ್ಲೇ ಬರೆದ.

ಈ ಮೂವರಲ್ಲಿ ವಿಜ್ಞಾನದ ದೃಷ್ಟಿಯಿಂದ ನನಗೆ ಹೆಚ್ಚು ಹತ್ತಿರವಾಗುವವನು ವಿಜ್ಞಾನೇಶ್ವರನೇ. ಅವನ ತೀರ್ಪು ಒಪ್ಪಿಗೆಯಾಗಬೇಕೆಂದಿಲ್ಲ, ವಿಂಗಡಣೆ ಮಾತ್ರ ಮೆಚ್ಚತಕ್ಕದ್ದು. ಹಣ್ಣು, ಹೂವು, ಮರದ ರಸಗಳಿಂದ ಆಗುವ ಮದ್ಯ ಒಂದು ಕಡೆ, ಹಿಟ್ಟಿನಿಂದಾಗುವ ಸುರೆ ಇನ್ನೊಂದು ಕಡೆ. ಧರ್ಮಶಾಸ್ತ್ರ ಎಳೆದ ಈ ಗೆರೆಯ ಮೇಲೆಯೇ ಜೀವರಸಾಯನಶಾಸ್ತ್ರವೂ ನಡೆಯುತ್ತದೆ.

ದ್ರಾಕ್ಷಿಯಲ್ಲಿ ಸಕ್ಕರೆ ತಯಾರಾಗಿ ಕುಳಿತಿದೆ. ಸಿಪ್ಪೆ ಒಡೆದರೆ ಸಾಕು, ಅದರ ಮೇಲೆಯೇ ಬೀಡುಬಿಟ್ಟಿರುವ ಯೀಸ್ಟ್ ಕೆಲಸ ಶುರುಮಾಡುತ್ತದೆ: 180 ಗ್ರಾಂ ಗ್ಲೂಕೋಸ್ ಕೊಟ್ಟರೆ ಲೆಕ್ಕದ ಪ್ರಕಾರ 92 ಗ್ರಾಂ ಆಲ್ಕೊಹಾಲ್, 88 ಗ್ರಾಂ ಇಂಗಾಲದ ಡೈಆಕ್ಸೈಡ್. ಸಕ್ಕರೆಯ ಅರ್ಧದಷ್ಟು ತೂಕ ಗುಳ್ಳೆಯಾಗಿ ಹಾರಿಹೋಗುತ್ತದೆ. ಅಕ್ಕಿ, ಬಾರ್ಲಿ, ಗೋಧಿಯಲ್ಲಿ ಹಾಗಲ್ಲ. ಅಲ್ಲಿರುವುದು ಪಿಷ್ಟ, ಸಕ್ಕರೆಯ ಕಣಗಳು ಉದ್ದ ಸರಪಳಿಯಾಗಿ ಹೆಣೆದುಕೊಂಡಿರುವ ರೂಪ. ಯೀಸ್ಟಿಗೆ ಅದನ್ನು ಕಡಿಯುವ ಹಲ್ಲಿಲ್ಲ. ಯುರೋಪಿನವರು ಬಾರ್ಲಿಯನ್ನು ಮೊಳಕೆ ಬರಿಸಿ, ಆ ಮೊಳಕೆಯ ಅಮೈಲೇಸ್ ಕಿಣ್ವದಿಂದಲೇ ಸರಪಳಿ ಕಡಿಸಿದರು. ನಮ್ಮವರು ಉದ್ದಿನ ಹಿಟ್ಟು, ಅಕ್ಕಿ ಸೇರಿಸಿ ಕಟ್ಟಿದ ಕಿಣ್ವದ ಮುದ್ದೆಯಿಂದ ಆ ಕೆಲಸ ಮಾಡಿಸಿದರು. ಅದರ ಅಳತೆ ಕೌಟಿಲ್ಯನ ‘ಅರ್ಥಶಾಸ್ತ್ರ’ದಲ್ಲಿದೆ. ಬೇಲದ ಹಣ್ಣು, ಕಾಕಂಬಿ, ಜೇನು ಸೇರಿಸಿದ ಆಸವದ ಲೆಕ್ಕವೂ ಅಲ್ಲೇ ಇದೆ. ಅದೇ ಪ್ರಕರಣದಲ್ಲಿ ‘ಸಹಕಾರಸುರಾ’ ಎಂಬ ಇನ್ನೊಂದು ಹೆಸರು ಬರುತ್ತದೆ. ಸಹಕಾರ ಅಂದರೆ ಮಾವು. ಧಾನ್ಯದ ಸುರೆಗೆ ಮಾವಿನ ರಸ ಕೂಡಿಸಿದ್ದು.

ಧಾನ್ಯದ ಮದ್ಯಕ್ಕೆ ಹಣ್ಣಿನ ರಸ ಎಂದರೆ ಅದು ಫ್ರೂಟ್ ಬಿಯರ್ ಅಲ್ಲದೆ ಮತ್ತೇನು? 2010ರಲ್ಲಿ ಬೆಂಗಳೂರಿನ ಇಂದಿರಾನಗರದಲ್ಲಿ ಟಾಯ್ಟ್ ಬಾಗಿಲು ತೆರೆದ ನಂತರ ನಗರದಲ್ಲಿ ಒಂದೊಂದಾಗಿ ಎದ್ದ ಕ್ರಾಫ್ಟ್ ಬಿಯರಿನ ಮನೆಗಳಲ್ಲಿ ಏಪ್ರಿಲ್ ಬಂತೆಂದರೆ ಮಾವಿನ ಬಿಯರಿನ ಸಡಗರ. ಕುಡಿಯುವವರು ಅದನ್ನು ಹೊಸ ಶೋಧವೆಂದು ಕುಡಿಯುತ್ತಾರೆ, ಕುಡಿಯಲಿ. ವಿಜ್ಞಾನೇಶ್ವರನ ಮುಂದೆ ಒಂದು ಲೋಟ ತಂದಿಟ್ಟಿದ್ದರೆ ಅವನ ಪಾಡು ಏನಾಗುತ್ತಿತ್ತು ಎಂಬುದು ನನಗೆ ಕುತೂಹಲ. ಹನ್ನೊಂದರ ಲೆಕ್ಕಕ್ಕೋ, ಹನ್ನೆರಡನೆಯದಕ್ಕೋ?

ಬೆಂಗಳೂರಿನ ಆ ಮಾವಿನ ಬಿಯರ್ ವಾರಗಳಲ್ಲಿ ಖಾಲಿಯಾಗುತ್ತದೆ, ಆಗಲೇಬೇಕು. ಅದನ್ನು ಬಾಟಲಿಗೆ ತುಂಬಿ ಹತ್ತು ವರ್ಷ ಇಟ್ಟರೆ ಸಿಗುವುದು ಮಾವಿನ ನೆನಪೂ ಇಲ್ಲದ ಒಂದು ಕಂದು ದ್ರವ. ಆದರೆ ಹತ್ತು, ಇಪ್ಪತ್ತು ವರ್ಷ ಇಟ್ಟು ಕುಡಿಯುವ ಫ್ರೂಟ್ ಬಿಯರ್ ಒಂದಿದೆ. ಬ್ರಸೆಲ್ಸ್ ನಗರ ಮತ್ತು ಅದರ ಪಕ್ಕದ ಝೆನ್ನೆ ನದಿಯ ಕಣಿವೆಯಲ್ಲಿ ಮಾಡುವ ಲ್ಯಾಂಬಿಕ್ ಅದರ ತಾಯಿ. ಹುಳಿ ಚೆರ್ರಿ ಹಾಕಿದರೆ ಅದು ಕ್ರೀಕ್. 1900ರಲ್ಲಿ ಶುರುವಾದ ಕಾಂಟಿಯೋನ್ ಎಂಬ ಮನೆತನದ ಕಾರ್ಖಾನೆ ಇವತ್ತಿಗೂ ಇದನ್ನು ಹಳೆಯ ಪದ್ಧತಿಯಲ್ಲೇ ಮಾಡುತ್ತದೆ. ಮೊಳಕೆಯ ಬಾರ್ಲಿಗೆ ಮೊಳಕೆ ಬರಿಸದ ಗೋಧಿ ಸೇರಿಸಿ ಕುದಿಸಿದ ರಸವನ್ನು ಅಟ್ಟದ ಮೇಲಿನ ಅಗಲವಾದ ತಾಮ್ರದ ಹರಿವಾಣದಲ್ಲಿ ಒಂದು ರಾತ್ರಿ ಬಿಡುತ್ತಾರೆ. ಅಷ್ಟೇ. ಯಾರೂ ಯೀಸ್ಟ್ ಹಾಕುವುದಿಲ್ಲ. ಗಾಳಿ ಮತ್ತು ಹಳೆಯ ಓಕ್ ಪೀಪಾಯಿಗಳ ಮರ ಅದಕ್ಕೆ ಸೂಕ್ಷ್ಮಜೀವಿಗಳನ್ನು ಒದಗಿಸುತ್ತವೆ. ಚಳಿಗಾಲದ ತಿಂಗಳುಗಳಲ್ಲಿ ಮಾತ್ರ ಈ ಕೆಲಸ. ಬೇಸಿಗೆಯ ಗಾಳಿಯನ್ನು ಅವರು ನಂಬುವುದಿಲ್ಲ.

ಆಮೇಲೆ ಪೀಪಾಯಿಯೊಳಗೆ ಒಂದರ ಹಿಂದೆ ಒಂದು ಪಾಳಿ. ಮೊದಲ ವಾರಗಳು ಕರುಳಿನ ಬ್ಯಾಕ್ಟೀರಿಯಾಗಳ ಬಂಧುಗಳದ್ದು, ಆಗ ಮೂಗು ಹತ್ತಿರ ಒಯ್ಯುವಂತಿಲ್ಲ. ನಂತರ ಸಾಮಾನ್ಯ ಯೀಸ್ಟ್ ಬಂದು ಸಕ್ಕರೆಯನ್ನು ಆಲ್ಕೊಹಾಲ್ ಮಾಡುತ್ತದೆ. ಅದರ ಬೆನ್ನಿಗೆ ಲ್ಯಾಕ್ಟಿಕ್ ಆಮ್ಲದ ಬ್ಯಾಕ್ಟೀರಿಯಾ. ಮಜ್ಜಿಗೆಯ ಹುಳಿ ಇವರದೇ ಕುಲದ ಕೈವಾಡ. ಪಿಎಚ್ 3.5ರ ಕೆಳಗಿಳಿಯುತ್ತದೆ. ಎಲ್ಲರೂ ದಣಿದ ಮೇಲೆ, ತಿಂಗಳುಗಟ್ಟಲೆ ತಡವಾಗಿ, ಬ್ರೆಟ್ಟನೊಮೈಸಿಸ್ ಎಂಬ ಕಾಡು ಯೀಸ್ಟ್ ಎದ್ದು ಕೂರುತ್ತದೆ. ಉಳಿದವರು ಬಿಟ್ಟ ಸಕ್ಕರೆಯ ಚೂರುಪಾರನ್ನೂ ಅದು ಬಿಡುವುದಿಲ್ಲ. ಕೋಪನ್‌ಹೇಗನ್ನಿನ ಕಾರ್ಲ್ಸ್‌ಬರ್ಗ್ ಪ್ರಯೋಗಶಾಲೆಯಲ್ಲಿ ಕ್ಲೌಸೆನ್ 1904ರಲ್ಲಿ ಇದನ್ನು ಲೋಕಕ್ಕೆ ಪರಿಚಯಿಸಿದ, ಅದೂ ಇಂಗ್ಲೆಂಡಿನ ಹಳತಾಗಿಸಿದ ಬಿಯರುಗಳ ವಿಶೇಷ ರುಚಿಗೆ ಕಾರಣ ಹುಡುಕುತ್ತಾ. ಪೀಪಾಯಿಯಲ್ಲಿ ವರ್ಷಗಟ್ಟಲೆ ಕಳೆದ ಲ್ಯಾಂಬಿಕ್‌ಗೆ ಲೀಟರಿಗೆ ಸುಮಾರು 200 ಗ್ರಾಂ ಚೆರ್ರಿ, ಬೀಜದ ಸಮೇತ. ಹಣ್ಣಿನ ಸಕ್ಕರೆ ಮತ್ತೆ ಹುದುಗುತ್ತದೆ. ಬಾಟಲಿ ಸೇರುವಾಗ ಅದು ಹುಳಿಯೂ ಹೌದು, ಒಣಕಲೂ ಹೌದು, ಜೀವಂತವೂ ಹೌದು.

ಬಾಳಿಕೆಯ ಗುಟ್ಟು ಈ ಮೂರರಲ್ಲಿದೆ. ಹುಳಿಯಿರುವುದರಿಂದ ರೋಗ ತರುವ ಜೀವಿಗಳು ಬದುಕಲಾರವು. ಸಕ್ಕರೆ ಉಳಿದಿಲ್ಲವಾದ್ದರಿಂದ ಬಾಟಲಿ ಸಿಡಿಯುವ ಭಯ ಕಡಿಮೆ. ಜೀವಂತ ಯೀಸ್ಟ್ ಇರುವುದರಿಂದ ಬಿರಡೆಯ ಸಂದಿಯಿಂದ ನುಸುಳುವ ಆಮ್ಲಜನಕವನ್ನು ಅದು ತಿಂದುಹಾಕುತ್ತದೆ. ಬಿಯರ್ ಮಾಡುವವರು ಆಮ್ಲಜನಕಕ್ಕೆ ಹೆದರುವಷ್ಟು ಬೇರೆ ಯಾವುದಕ್ಕೂ ಹೆದರುವುದಿಲ್ಲ. ಅದು ಕೊಬ್ಬಿನಾಮ್ಲಗಳ ಜೊತೆ ಸೇರಿ ಕೊನೆಗೆ ಟ್ರಾನ್ಸ್-2-ನೊನೆನಾಲ್ ಎಂಬ ಸಂಯುಕ್ತ ಹುಟ್ಟಿಸುತ್ತದೆ. ಲೀಟರಿಗೆ ಒಂದು ಗ್ರಾಮಿನ ಕೋಟಿಯಲ್ಲೊಂದು ಪಾಲು ಇದ್ದರೂ ನಮ್ಮ ಮೂಗಿಗೆ ಒದ್ದೆ ರಟ್ಟಿನ ವಾಸನೆ ಹೊಡೆಯುತ್ತದೆ.

ನಾಲ್ಕನೆಯ ಶರತ್ತೊಂದಿದೆ, ಅದನ್ನು ಬೆಲ್ಜಿಯಮ್ಮಿನವರು ಹೇಳುವುದೇ ಇಲ್ಲ, ಏಕೆಂದರೆ ಅದು ಅವರಿಗೆ ಪುಕ್ಕಟೆ ಸಿಕ್ಕಿದೆ: ತಂಪು. ನೆಲದಡಿ ಕೆಲವು ಮೀಟರ್ ಇಳಿದರೆ ಹಗಲು-ರಾತ್ರಿಯ, ಚಳಿ-ಬೇಸಿಗೆಯ ಏರಿಳಿತ ನಿಂತುಹೋಗಿ, ಆ ಊರಿನ ವರ್ಷದ ಸರಾಸರಿ ಉಷ್ಣತೆ ಮಾತ್ರ ಉಳಿಯುತ್ತದೆ. ಬ್ರಸೆಲ್ಸಿನಲ್ಲಿ ಅದು 10–11 ಡಿಗ್ರಿ. ಬೀದರ್ ಸೀಮೆಯಲ್ಲಿ 26ರ ಆಸುಪಾಸು. ಬಸವಕಲ್ಯಾಣದ ತ್ರಿಪುರಾಂತಕ ಕೆರೆಯ ಸುತ್ತಲಿನ ಶರಣರ ಗವಿಗಳಿಗೆ ಮೇ ತಿಂಗಳ ಮಧ್ಯಾಹ್ನ ಹೊಕ್ಕವರಿಗೆ ಮೈ ತಣ್ಣಗಾಗುವುದು ನಿಜ, ಹೊರಗೆ 40 ದಾಟಿರುವಾಗ ಯಾವ ನೆರಳೂ ತಂಪೇ. ಆದರೆ ಎಷ್ಟು ಆಳ ತೋಡಿದರೂ ಕಲ್ಯಾಣದ ನೆಲ ಬ್ರಸೆಲ್ಸಿನ ನೆಲಮಾಳಿಗೆ ಆಗಲಾರದು. ನಮ್ಮ ಹಗೇವುಗಳು ಜೋಳಕ್ಕೆ ಸರಿ, ಕ್ರೀಕ್‌ಗೆ ಅಲ್ಲ.

ಹದಿನೈದು ಡಿಗ್ರಿಯ ಅಂತರ ದೊಡ್ಡದಾಗಿ ಕಾಣದಿರಬಹುದು. ಉಷ್ಣತೆ 10 ಡಿಗ್ರಿ ಏರಿದರೆ ಬಹುತೇಕ ರಾಸಾಯನಿಕ ಕ್ರಿಯೆಗಳ ವೇಗ ಎರಡರಿಂದ ಮೂರು ಪಟ್ಟಾಗುತ್ತದೆ. ಬಿಯರ್ ಉದ್ಯಮದವರ ಬಾಯಲ್ಲಿ ಇದಕ್ಕಿಂತ ಕಠೋರವಾದ, ಒರಟಾದ ಒಂದು ಲೆಕ್ಕ ಓಡಾಡುತ್ತದೆ: 3 ಡಿಗ್ರಿಯಲ್ಲಿ 300 ದಿನ, 22 ಡಿಗ್ರಿಯಲ್ಲಿ 30 ದಿನ, 32 ಡಿಗ್ರಿಯಲ್ಲಿ 3 ದಿನ, ಮೂರೂ ಕಡೆ ಬಿಯರ್ ಒಂದೇ ಸಮ ಹಳಸುತ್ತದೆ. ಹಾಗಿದ್ದರೆ ತಗಡಿನ ಮಾಳಿಗೆಯ ಕೆಳಗೆ ಬೇಸಿಗೆಗಳನ್ನೇ ಕಳೆದ ಬಾಟಲಿಯ ವಯಸ್ಸನ್ನು ವರ್ಷಗಳಲ್ಲಿ ಎಣಿಸುವುದರಲ್ಲಿ ಅರ್ಥವಿಲ್ಲ.

ಅಂಥದೊಂದು ಬಾಟಲಿ ನೋಡುವ ಯೋಗ ಬಂದದ್ದು ಅದೇ ಬೀದರ್ ಸೀಮೆಯ ಹುಮನಾಬಾದಿನಲ್ಲಿ. ಪರಿಚಯದ ಮನೆಯೊಂದರ ಮಗ ಬೆಲ್ಜಿಯಮ್ಮಿನಲ್ಲಿ ಓದಿ ಬರುವಾಗ ಒಂದೇ ದಿನ ತುಂಬಿದ ಕ್ರೀಕಿನ ಎರಡು ಬಾಟಲಿ ತಂದಿದ್ದ. ಒಂದು ಫ್ರಿಜ್ಜಿನ ತಳದಲ್ಲಿ, ತರಕಾರಿಯ ಹಿಂದೆ ಉಳಿಯಿತು. ಇನ್ನೊಂದನ್ನು ಹಿರಿಯರ ಕಣ್ಣಿಗೆ ಬೀಳದಿರಲೆಂದು ಅಟ್ಟದ ಟ್ರಂಕಿನಲ್ಲಿ ಇಟ್ಟವನು ಮರೆತ. ದೀಪಾವಳಿಗೆ ಮನೆ ಸುಣ್ಣಬಣ್ಣ ಮಾಡುವಾಗ ಟ್ರಂಕು ಇಳಿಯಿತು. ಬಾಟಲಿ ಸಿಕ್ಕಿದ್ದು ಹಿರಿಯರಿಗೇ.

ಎರಡನ್ನೂ ಅಕ್ಕಪಕ್ಕ ನಿಲ್ಲಿಸಿ ಮೊದಲು ನೋಡಿದ್ದು ಕತ್ತಿನ ಮಟ್ಟ. ಅಟ್ಟದ ಬಾಟಲಿಯಲ್ಲಿ ದ್ರವ ಒಂದು ಬೆರಳಿನಷ್ಟು ಕೆಳಗಿತ್ತು. ಹಗಲು ಕಾದು ಹಿಗ್ಗಿದ ದ್ರವ ಬಿರಡೆಯನ್ನು ಒತ್ತುತ್ತದೆ, ಒಳಗಿನ ಅನಿಲ ಸೋರಿ ಒತ್ತಡ ಇಳಿದ ಮೇಲೆ ರಾತ್ರಿ ಕುಗ್ಗಿದಾಗ ಹೊರಗಿನ ಗಾಳಿಯನ್ನು ಎಳೆದುಕೊಳ್ಳುತ್ತದೆ. ಬೇಸಿಗೆಯಿಡೀ ಬಾಟಲಿ ಹೀಗೆ ಉಸಿರಾಡಿದೆ. ಬಿರಡೆಯ ಮೇಲೆ ಅಂಟಂಟು ಕಲೆ. ಫ್ರಿಜ್ಜಿನದು ತೆಗೆದಾಗ ‘ಪಟ್’ ಎಂದಿತು. ಅಟ್ಟದ್ದು ನಿಟ್ಟುಸಿರು ಬಿಟ್ಟಿತು, ಗುಳ್ಳೆ ಅಷ್ಟಕ್ಕಷ್ಟೆ. ಸ್ಟೀಲಿನ ಲೋಟ ಬೇಡವೆಂದು ಗಾಜಿನ ಚಹಾ ಗ್ಲಾಸು ತರಿಸಿ, ತಳದ ಗಸಿ ಕದಡದಂತೆ ಓರೆಯಾಗಿ ಬಗ್ಗಿಸಿದೆವು. ಒಂದರಲ್ಲಿ ಇನ್ನೂ ಮಾಸದ ಚೆರ್ರಿ ಕೆಂಪು. ಇನ್ನೊಂದರಲ್ಲಿ ಹಳೆಯ ಇಟ್ಟಿಗೆಯ ಬಣ್ಣ.

ಆ ಕೆಂಪು ಆಂಥೋಸಯನಿನ್ ಎಂಬ ವರ್ಣಕದ್ದು. ಹುಳಿಯಲ್ಲಿ ಅದು ಉಜ್ವಲವಾಗಿರುತ್ತದೆ, ಆದರೆ ಶಾಖ ಮತ್ತು ಆಮ್ಲಜನಕದ ಕೈಗೆ ಸಿಕ್ಕರೆ ಒಡೆಯುತ್ತದೆ, ಇಲ್ಲವೇ ಒಗರಿನ ಟ್ಯಾನಿನ್‌ಗಳಿಗೆ ಗಂಟುಬಿದ್ದು ಕಂದಾಗುತ್ತದೆ. ಗಂಟು ದೊಡ್ಡದಾದಾಗ ತೂಕ ತಾಳದೆ ತಳಕ್ಕಿಳಿಯುತ್ತದೆ. ಗಸಿಯಲ್ಲಿ ಸತ್ತ ಯೀಸ್ಟಿನ ಜೊತೆಗೆ ಕೂತದ್ದು ಈ ಬಣ್ಣವೇ.

ವಾಸನೆಯ ವಿಷಯಕ್ಕೆ ಬಂದರೆ, ಫ್ರಿಜ್ಜಿನ ಬಾಟಲಿಯಲ್ಲಿ ಚೆರ್ರಿ ಇತ್ತು, ಹಿಂದೆ ಬಾದಾಮಿಯ ಎಳೆ, ಅದರ ಹಿಂದೆ ಕುದುರೆ ಲಾಯ. ಬಾದಾಮಿ ಬಂದದ್ದು ಚೆರ್ರಿ ಬೀಜದಿಂದ ಇಳಿದ ಬೆಂಜಾಲ್ಡಿಹೈಡಿನಿಂದ. ಲಾಯ ಬ್ರೆಟ್ಟನೊಮೈಸಿಸ್‌ನ ಸಹಿ. 4-ಇಥೈಲ್ ಫೀನಾಲ್ ಎಂದು ರಸಾಯನಶಾಸ್ತ್ರಜ್ಞರು, ‘ಛೀ’ ಎಂದು ಮನೆಯ ಹೆಂಗಸರು. ಅಟ್ಟದ ಬಾಟಲಿಯನ್ನು ಮೂಸಿದ ಮನೆಯ ಹಿರಿಯರು ಸ್ವಲ್ಪ ಹೊತ್ತು ಸುಮ್ಮನಿದ್ದು, ಮತ್ತೆ ಮೂಸಿದರು.

“ಕಾಕಾ, ಕೆಟ್ಟದ ಏನ್ರೀ?” ಎಂದ ಹುಡುಗ.

“ಕೆಟ್ಟಿಲ್ಲೋ, ಮುದಿ ಆಗ್ಯಾದ. ಮೆಂತ್ಯಾ ನಾರ್ತದ ನೋಡು.”

ಇಂಥ ಮೂಗಿನ ಮುಂದೆ ಪ್ರಯೋಗಶಾಲೆಯ ಉಪಕರಣ ಯಾಕೆ ಬೇಕು! ಮೆಂತ್ಯ ಕಾಳಿನ ವಾಸನೆಗೆ ಮುಖ್ಯ ಕಾರಣ ಸೊಟೊಲಾನ್ ಎಂಬ ಸಂಯುಕ್ತ. ಸ್ಪೇನಿನ ಹಳೆಯ ಶೆರ್ರಿಯಲ್ಲಿ, ಫ್ರಾನ್ಸಿನ ಹಳದಿ ವೈನಿನಲ್ಲಿ, ದೀರ್ಘಕಾಲ ಆಮ್ಲಜನಕದ ಸಂಗ ಮಾಡಿದ ಬಿಯರಿನಲ್ಲಿ ಹುಟ್ಟುವುದೂ ಅದೇ ಸೊಟೊಲಾನ್. ಒಣದ್ರಾಕ್ಷಿ, ಜೇನು, ಸ್ವಲ್ಪ ಸಿರ್ಕಾ ಕೂಡ ಆ ಗ್ಲಾಸಿನಲ್ಲಿದ್ದವು. ನಾಲಗೆಯ ಮೇಲೆ ಹುಳಿ ಮಾತ್ರ ಎರಡರಲ್ಲೂ ಹೆಚ್ಚುಕಡಿಮೆ ಒಂದೇ, ಏಕೆಂದರೆ ಲ್ಯಾಕ್ಟಿಕ್ ಆಮ್ಲ ಶಾಖಕ್ಕೆ ಸುಲಭವಾಗಿ ಜಗ್ಗುವುದಿಲ್ಲ. ಅಟ್ಟದ್ದರ ಕೊನೆಯಲ್ಲಿ ಉಪ್ಪುಪ್ಪಾದ, ಸೋಯಾ ಸಾಸಿನಂಥ ಒಂದು ರುಚಿ ಉಳಿಯಿತು. ಸಾಯುವ ಯೀಸ್ಟ್ ತನ್ನ ಕಿಣ್ವಗಳಿಂದಲೇ ತನ್ನನ್ನು ಕರಗಿಸಿಕೊಂಡು ಅಮೈನೋ ಆಮ್ಲಗಳನ್ನು ಹೊರಬಿಡುತ್ತದೆ. ಆ ರುಚಿ ಅದು. ಮೇ ತಿಂಗಳ ಅಟ್ಟದಲ್ಲಿ ಕಾವಲುಗಾರ ಸತ್ತ, ಆಮ್ಲಜನಕ ಒಳನುಗ್ಗಿತು. ಮುಂದಿನದೆಲ್ಲ ಅದರ ಪರಿಣಾಮ.

ನನಗೆ ಫ್ರಿಜ್ಜಿನದೇ ಇಷ್ಟವಾಯಿತು. ಹಳೆಯದೆಲ್ಲ ಶ್ರೇಷ್ಠವೆಂಬ ಭಕ್ತಿ ಬಾಟಲಿಗಳ ವಿಷಯದಲ್ಲಿ ಅತಿಯಾಗಿದೆ, ಬೆಲೆ ಏರಿಸುವವರಿಗೆ ಅದು ಅನುಕೂಲವೂ ಆಗಿದೆ. ವಯಸ್ಸಾದಂತೆ ಹಣ್ಣಿನ ಪರಿಮಳ ಯಾವ ಫ್ರೂಟ್ ಬಿಯರಿನಲ್ಲೂ ಹೆಚ್ಚುವುದಿಲ್ಲ, ಕಡಿಮೆಯೇ ಆಗುತ್ತದೆ. ಪರಿಮಳ ಕೊಡುವ ಕೆಲವು ಎಸ್ಟರುಗಳನ್ನು ಬ್ರೆಟ್ಟನೊಮೈಸಿಸ್ ಒಡೆಯುತ್ತದೆ, ಇಥೈಲ್ ಲ್ಯಾಕ್ಟೇಟಿನಂಥ ಬೇರೆ ಕೆಲವನ್ನು ಕಟ್ಟುತ್ತದೆ. ಕ್ರೀಕನ್ನು ಹತ್ತು ವರ್ಷ ಇಡುವವರು ಚೆರ್ರಿಗಾಗಿ ಇಡುವುದಿಲ್ಲ, ಚೆರ್ರಿ ಹೋದ ಮೇಲೆ ಉಳಿಯುವುದಕ್ಕಾಗಿ ಇಡುತ್ತಾರೆ. ಕಾಕಾ ಮಾತ್ರ ಮೆಂತ್ಯದ ಕಡೆಗೇ ವಾಲಿದರು.

ಈ ಸೀಮೆಯದೇ ಮದ್ಯ ಯಾವುದೆಂದರೆ ಈಚಲಿನ ಸೇಂದಿ. ಅದರ ವಯಸ್ಸು ಗಂಟೆಗಳ ಲೆಕ್ಕ. ನಸುಕಿನಲ್ಲಿ ಮರದಿಂದ ಇಳಿದಾಗ ಸಿಹಿ. ಗಡಿಗೆಗೆ ಸುಣ್ಣ ಬಳಿದಿದ್ದರೆ ಸೂಕ್ಷ್ಮಜೀವಿಗಳು ತಲೆಯೆತ್ತದೆ ನೀರಾ ಆಗಿಯೇ ಉಳಿಯುತ್ತದೆ. ಸುಣ್ಣವಿಲ್ಲದಿದ್ದರೆ ಮಧ್ಯಾಹ್ನಕ್ಕೆ ಅಮಲು, ಸಂಜೆಗೆ ಹುಳಿ, ಮರುದಿನಕ್ಕೆ ಸಿರ್ಕಾದ ದಾರಿ. ಯೀಸ್ಟ್, ಲ್ಯಾಕ್ಟಿಕ್ ಬ್ಯಾಕ್ಟೀರಿಯಾ, ಅಸಿಟಿಕ್ ಬ್ಯಾಕ್ಟೀರಿಯಾ ಇಲ್ಲೂ ಇವೆ, ಬ್ರಸೆಲ್ಸಿನ ಪೀಪಾಯಿಯ ಹಾಗೆಯೇ. ಅಲ್ಲಿ ಪಾಳಿಯ ಪ್ರಕಾರ ಬಂದವರು ಇಲ್ಲಿ 30 ಡಿಗ್ರಿಯ ಸೆಕೆಯಲ್ಲಿ ಒಟ್ಟಿಗೇ ನುಗ್ಗುತ್ತಾರೆ. ಹೆಂಡದ ಮಾರಯ್ಯನಿಗೆ ನಾಳೆ ಮಾರುತ್ತೇನೆ ಎಂಬ ಅನುಕೂಲ ಇರಲಿಲ್ಲ.

ಹಾಗೆಂದು ಹಳತಾಗಿಸುವ ವಿದ್ಯೆಯೇ ನಮ್ಮಲ್ಲಿಲ್ಲ ಎನ್ನುವಂತಿಲ್ಲ. ಹುಮನಾಬಾದಿನ ಯಾವುದೇ ಔಷಧಿ ಅಂಗಡಿಯಲ್ಲಿ ದ್ರಾಕ್ಷಾರಿಷ್ಟ ಕೇಳಿ, ಕೊಡುತ್ತಾರೆ. ದ್ರಾಕ್ಷಿಯ ಕಷಾಯ, ಬೆಲ್ಲ, ಧಾತಕಿ ಹೂವು. ಹೂವಿನ ಮಕರಂದಕ್ಕೆ ಅಂಟಿದ ಯೀಸ್ಟ್ ಹುದುಗಿಸುತ್ತದೆ. ಮದ್ಯ ಮುಟ್ಟದ ಮನೆಗಳಲ್ಲೂ ಅಜ್ಜಿಯರು ಊಟದ ಮೇಲೆ ಎರಡು ಚಮಚ ಕುಡಿಯುವ ಈ ಔಷಧಿಯಲ್ಲಿ ತಾನಾಗಿಯೇ ಹುಟ್ಟಿದ ಆಲ್ಕೊಹಾಲ್ ಶೇ. 5ರಿಂದ 10ರವರೆಗೆ ಇರುತ್ತದೆ, ಅಂದರೆ ಬಿಯರಿಗಿಂತ ಕಡಿಮೆಯೇನಲ್ಲ. ‘ಚರಕಸಂಹಿತೆ’ 84 ಆಸವಗಳನ್ನು ಲೆಕ್ಕ ಹಾಕುತ್ತದೆ. ಅದರಲ್ಲಿ 26 ಹಣ್ಣಿನವು, ಧಾನ್ಯದವು 6 ಮಾತ್ರ. ಹೊಸ ಮದ್ಯ ಜಡ, ಹಳೆಯದು ಹಗುರ ಎಂಬ ಮಾತೂ ಅಲ್ಲಿದೆ. ಆಸವ ಹಳೆಯದಾದಷ್ಟೂ ಗುಣ ಹೆಚ್ಚು ಎಂದು ಶಾರ್ಙ್ಗಧರ ಹೇಳುತ್ತಾನೆ. ಹುದುಗುವ ಗಡಿಗೆಯ ಬಾಯಿ ಮುಚ್ಚಿ ಧಾನ್ಯದ ರಾಶಿಯಲ್ಲಿ ಹೂಳಬೇಕೆನ್ನುವುದು ಶಾಸ್ತ್ರ. ಕಾಳುಗಳ ನಡುವೆ ಸಿಕ್ಕಿಕೊಂಡ ನಿಶ್ಚಲ ಗಾಳಿ ಶಾಖವನ್ನು ಸುಲಭಕ್ಕೆ ಒಯ್ಯುವುದಿಲ್ಲ, ಗಡಿಗೆಗೆ ಹಗಲು ರಾತ್ರಿಯ ಜಗ್ಗಾಟ ತಟ್ಟುವುದಿಲ್ಲ. ತಂಪು ಸಿಗದ ನಾಡಿನಲ್ಲಿ ಕನಿಷ್ಠ ಸ್ಥಿರತೆಯನ್ನಾದರೂ ಗಿಟ್ಟಿಸಿಕೊಂಡ ಉಪಾಯ ಇದು. ಮಿಕ್ಕದ್ದನ್ನು ಒಗರು ಮತ್ತು ಹುಳಿ ನೋಡಿಕೊಂಡವು.

ಬಸವಕಲ್ಯಾಣದ ಸೀಮೆಯ ಹಣ್ಣಿನಿಂದ ಹತ್ತು ವರ್ಷ ಬಾಳುವ ಬಿಯರ್ ಮಾಡಬೇಕೆಂದು ಪರವಾನಗಿ ಇರುವ ಯಾರಾದರೂ ಹೊರಟರೆ (ಪರವಾನಗಿ ಇಲ್ಲದವರನ್ನು 1965ರ ಕರ್ನಾಟಕ ಅಬಕಾರಿ ಕಾಯ್ದೆ ಬಿಡುವುದಿಲ್ಲ) ಯಾವ ಹಣ್ಣು ತೆಗೆದುಕೊಳ್ಳಬೇಕು? ಸೀತಾಫಲ ಎಂದು ಎಲ್ಲರೂ ಮೊದಲು ಹೇಳುತ್ತಾರೆ, ನಾನು ಬೇಡವೆನ್ನುತ್ತೇನೆ. ಹುಳಿ ಸಾಲದು, ಒಗರಿಲ್ಲ, ಬಿಸಿ ಮಾಡಿದರೆ ತಿರುಳು ಕಹಿಯಾಗುತ್ತದೆ. ಮಾವಿನ ಪರಿಮಳ ಮೊದಲ ವರ್ಷವೇ ಕೈಕೊಡುತ್ತದೆ. ನನ್ನ ಪಣ ನೇರಳೆಯ ಮೇಲೆ. ಬಣ್ಣಕ್ಕೆ ಆಂಥೋಸಯನಿನ್, ಕಾವಲಿಗೆ ಟ್ಯಾನಿನ್, ಸಾಕಷ್ಟು ಹುಳಿ, ಮೂರೂ ಅದರಲ್ಲಿವೆ. ಹಣ್ಣಾಗುವುದು ಜೂನ್-ಜುಲೈಯಲ್ಲಿ, ಬೇಸಿಗೆಯ ಉರಿ ಇಳಿಯುವ ಹೊತ್ತಿಗೆ. ಡಿಸೆಂಬರಿನಲ್ಲಿ ರಾತ್ರಿ 15 ಡಿಗ್ರಿಗೂ ಇಳಿಯುವ ದಿನಗಳಲ್ಲಿ ಧಾನ್ಯದ ರಸ ಹುದುಗಿಸಿಟ್ಟುಕೊಂಡು, ಮಳೆಗಾಲಕ್ಕೆ ನೇರಳೆ ಕೂಡಿಸಿ, ಬಾಟಲಿ ತುಂಬಿದ ಮೇಲೆ 12 ಡಿಗ್ರಿಯ ಶೀತಲ ಕೋಣೆಯಲ್ಲಿಡಬೇಕು. ಕರೆಂಟಿನ ಬಿಲ್ಲು ಬಿಯರಿನ ಬೆಲೆಗಿಂತ ಹೆಚ್ಚಾಗುತ್ತದೆ ಎಂಬುದು ಆ ಹುಮನಾಬಾದಿನ ಹುಡುಗನ ಆಕ್ಷೇಪಣೆ. ಲೆಕ್ಕ ಸರಿಯಾಗಿಯೇ ಇದೆ.